ಸೀಳಿದ ಕಡ್ಡಿ

ಐವತ್ತು ದಾಟಿದ ಹೆಂಗಸಿಗೆ ಇಂಚರ ಎಂಬ ಹೆಸರು ದೊಡ್ಡ ಹೊರೆ. ನಾವು ಹುಟ್ಟಿದ ಕಾಲದಲ್ಲಿ ಎಲ್ಲರ ಮನೆಯಲ್ಲೂ ಇಂಥವೇ ಹೆಸರು ಇಟ್ಟರು. ಈಗ ನಮ್ಮ ಕಣಿವೆದೊಡ್ಡಿಯ ಜಗಲಿಗಳ ಮೇಲೆ ಮಂಡಿಗೆ ಎಣ್ಣೆ ತಿಕ್ಕಿಕೊಂಡು ಕೂತಿರುವ ಅಜ್ಜಿಯರೆಲ್ಲ ಸಿಂಚನಾ, ಸ್ಪಂದನಾ, ಭೂಮಿಕಾ. ನನ್ನ ಅಕ್ಕ ಸೌಜನ್ಯ. ಇಟ್ಟ ಹೆಸರಿಗೆ ತಕ್ಕಂತೆ ಬಾಳಿದವಳು ನಮ್ಮಲ್ಲಿ ಅವಳೊಬ್ಬಳೇ. ಕೆಡುಕು ಬಂದದ್ದೂ ಅದೇ ದಾರಿಯಲ್ಲಿ.

ನಾನು ಮರಗೆಣಸಿನ ತಳಿ ಕೇಂದ್ರದ ವಿಜ್ಞಾನಿ. ಕೇಂದ್ರ ಇರುವುದು ಹನೂರಿನಿಂದ ಆಚೆ, ಕಾಡು ಶುರುವಾಗುವ ಕಡೆ. ಅಕ್ಕಿ ಪಡಿತರದಿಂದ ಮಾಯವಾಯಿತು, ರಾಗಿಗೆ ಬೆಂಕಿರೋಗ ಹತ್ತಿತು, ಕೊನೆಗೆ ಈ ಕೆಟ್ಟ ಬಿಸಿಲಿಗೆ ಜಗ್ಗದೆ ಉಳಿದದ್ದು ಮರಗೆಣಸು ಮಾತ್ರ. ಹಿಂದೆ ಗಡಿಯಾಚೆಯ ಸಬ್ಬಕ್ಕಿ ಮಿಲ್ಲುಗಳಿಗೆ ಲಾರಿಯಲ್ಲಿ ಹೋಗುತ್ತಿದ್ದ ಗೆಡ್ಡೆ ಈಗ ಇಡೀ ಸೀಮೆಯ ಊಟ. ಮುದ್ದೆ ಅದರದು, ರೊಟ್ಟಿ ಅದರದು, ಹಬ್ಬದ ಪಾಯಸವೂ ಅದರದೇ. ತಿಂದು ತಿಂದು ಜನಕ್ಕೆ ಸಾಕಾಗಿದೆ. ಹಗಲೆಲ್ಲ ಅದನ್ನೇ ನೋಡಿ ಸಂಜೆ ಅದನ್ನೇ ತಿನ್ನುವ ನನಗೆ ಇನ್ನೂ ಸಾಕಾಗಿದೆ.

ಈ ಬಿಸಿಲು ತಡೆಯುವ ಗೆಣಸೆಲ್ಲ ಕಹಿ. ಕಹಿ ಎಂದರೆ ವಿಷ. ಅರೆದರೆ, ಕೊಯ್ದರೆ ಸಯನೈಡ್ ಬಿಡುತ್ತದೆ. ಹೆಚ್ಚಿ, ಮೂರು ದಿನ ನೀರಿನಲ್ಲಿ ನೆನೆಹಾಕಿ, ನೀರು ಚೆಲ್ಲಿ, ಒಣಗಿಸಿದರೆ ವಿಷ ಹೋಗುತ್ತದೆ. ಆದರೆ ಕುಡಿಯುವುದಕ್ಕೇ ಟ್ಯಾಂಕರ್ ಕಾಯುವ ಊರಲ್ಲಿ ನೆನೆಹಾಕಲು ನೀರೆಲ್ಲಿ? ವಿಷವಿಲ್ಲದ, ಬಿಸಿಲಿಗೂ ಬಗ್ಗದ ಗೆಣಸು ಬೇಕಿತ್ತು. ಅದಕ್ಕಾಗಿಯೇ ನಮ್ಮ ಗಾಮಾ ತೋಟ.

ಹೆಸರು ಕೇಳಿ ಬಂದವರಿಗೆ ಅಲ್ಲಿ ನೋಡಲು ಏನೂ ಇಲ್ಲ. ದಪ್ಪ ಗೋಡೆಯ ಸುತ್ತಿನೊಳಗೆ ಒಂದು ಬಯಲು, ನಡುವೆ ಸೀಸದ ಬಾವಿ, ಅದರೊಳಗೆ ವಿಕಿರಣ ಸೂಸುವ ಒಂದು ಸಣ್ಣ ಕೋಬಾಲ್ಟ್ ಕೊಳವೆ. ಮರಗೆಣಸನ್ನು ಬೆಳೆಸುವುದು ಬೀಜದಿಂದಲ್ಲ, ಗಿಡದ ಕಾಂಡವನ್ನು ಗೇಣುದ್ದ ಕತ್ತರಿಸಿ ನೆಟ್ಟು. ನಮ್ಮ ಕಡೆ ಅದಕ್ಕೆ ಕಡ್ಡಿ ಎನ್ನುತ್ತಾರೆ. ಬಾವಿಯ ಸುತ್ತ ಕಡ್ಡಿಗಳನ್ನು ಜೋಡಿಸಿ, ಎಲ್ಲರೂ ಹೊರಗೆ ಬಂದು, ಕಂಟ್ರೋಲ್ ರೂಮಿನಲ್ಲಿ ಗುಂಡಿ ಒತ್ತಿದರೆ ಕೊಳವೆ ಮೇಲೇಳುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಸದ್ದೂ ಇಲ್ಲ. ಕಾವಿಗೆ ಕೂತ ಕೋಳಿಯ ಸುತ್ತ ಮೊಟ್ಟೆ ಇಟ್ಟ ಹಾಗೆ ಕಡ್ಡಿಗಳು ಕೂತಿರುತ್ತವೆ. ಆಪರೇಟರ್ ಲೋಹಿತ್ ಅದನ್ನು ಕೋಳಿ ಎಂದೇ ಕರೆಯುವುದು.

"ಕೋಳಿ ಏಳ್ಸದಾ ಮೇಡಮ್ಮೋರೆ?"

"ಏಳಿಸು."

"ಈ ಸಲನಾದ್ರೂ ಮರಿ ಮಾಡ್ತದಾ?"

ಪ್ರತಿ ಸಲವೂ ಇದೇ ಮಾತು. ಹೆಚ್ಚಿನ ಕಡ್ಡಿಗಳು ಸಾಯುತ್ತಿದ್ದವು. ಬದುಕಿದವು ಕುಳ್ಳಾಗಿಯೋ ಸೊಟ್ಟಗೋ ಬೆಳೆಯುತ್ತಿದ್ದವು. ವಿಕಿರಣಕ್ಕೆ ಬುದ್ಧಿಯಿಲ್ಲ, ಕತ್ತಲಲ್ಲಿ ಕಲ್ಲು ಬೀರುವ ಕುಡುಕನಂತೆ ಎಲ್ಲೋ ಹೊಡೆಯುತ್ತದೆ. ಹೀಗೆ ಹೊಡೆದೂ ಹೊಡೆದೂ, ನನ್ನ ತಲೆ ಅರ್ಧ ನೆರೆದ ಮೇಲೆ, ಒಂದು ಗಿಡದಲ್ಲಿ ಕಲ್ಲು ಸರಿಯಾದ ಜಾಗಕ್ಕೆ ಬಿತ್ತು. ಅದರ ಗೆಡ್ಡೆಯಲ್ಲಿ ವಿಷವಿರಲಿಲ್ಲ. ನಾವು ಅದಕ್ಕೊಂದು ನಂಬರು ಕೊಟ್ಟೆವು. ಜನ ಅದನ್ನು ಲೈಟ್ ಗೆಣಸು ಎಂದರು, ಲೈಟು ಹಿಡಿದು ಮಾಡಿದ್ದು ಅಂತ. ಮನೆಮನೆಯ ನೆನೆಹಾಕುವ ಗುಡಾಣಗಳು ಅಟ್ಟ ಸೇರಿದವು.

ಇಲ್ಲಿ ನಮ್ಮ ಸೀಮೆಯ ಒಂದು ನೇಮ ಹೇಳಬೇಕು. ಕಡ್ಡಿ ಕೇಳಿ ಬಂದವರಿಗೆ ಇಲ್ಲ ಎನ್ನಬಾರದು. ಕೇಳುವವರು ಬಾಗಿಲಲ್ಲಿ ನಿಂತು ಸೆರಗೊಡ್ಡುತ್ತಾರೆ, ಗಂಡಸಾದರೆ ಟವೆಲ್ ಒಡ್ಡುತ್ತಾನೆ. ಕೊಡುವವರು ಯಾಕೆ, ಎಷ್ಟು ಎಂದು ಕೇಳದೆ ಹಾಕುತ್ತಾರೆ. ಪಡೆದವರು ಉಪಕಾರವಾಯಿತು ಎನ್ನಬಾರದು, ಸುಮ್ಮನೆ ತಿರುಗಿ ಹೋಗಬೇಕು. ಇಲ್ಲ ಎಂದವರ ಹೊಲದಲ್ಲಿ ಗೆಡ್ಡೆ ಇಳಿಯುವುದಿಲ್ಲ ಎಂದು ನಂಬಿಕೆ. ಅಜ್ಜಿ, ಮುತ್ತಜ್ಜಿಯರ ಕಾಲದಿಂದ ಈ ನೇಮವನ್ನು ಯಾರೂ ಮುರಿದಿಲ್ಲ.

ಲೈಟ್ ಗೆಣಸಿನ ಕಡ್ಡಿಯನ್ನು ಕೇಂದ್ರ ಕಣಿವೆದೊಡ್ಡಿಯ ಮನೆಗೊಂದು ಕಟ್ಟು ಕೊಟ್ಟಿತು. ಕೇಳಿ ಬಂದವರು ನಾಲ್ಕೂರಿನ ಜನ. ಅಕ್ಕ ಏನು ಮಾಡಿದಳು? ಮಚ್ಚು ತೆಗೆದುಕೊಂಡು ಪ್ರತಿ ಕಡ್ಡಿಯನ್ನೂ ಉದ್ದಕ್ಕೆ ಎರಡು ಸೀಳು ಮಾಡಿದಳು. ಅರ್ಧ ಕೇಳಿದವರಿಗೆ, ಅರ್ಧ ತನಗೆ. ಹಳೇ ಗೆಣಸಿನಲ್ಲೂ ಕಡ್ಡಿ ಸಾಲದೇ ಹೋದಾಗ ಹೀಗೇ ಮಾಡುತ್ತಿದ್ದರು, ಎರಡೂ ಚಿಗುರುತ್ತಿದ್ದವು. ಇವೂ ಚಿಗುರಿದವು. ಮುಂದಿನ ವರ್ಷ ಆ ನಾಲ್ಕೂರಿನಿಂದ ಇನ್ನೆಷ್ಟೋ ಊರಿಗೆ ಹೋದವು. ಜನ ಅಕ್ಕನನ್ನು ಕಡ್ಡಿಯವ್ವ ಎನ್ನತೊಡಗಿದರು. ಅವಳಿಗೆ ಅದು ಎಷ್ಟು ಹಿಗ್ಗೆಂದರೆ, ಯಾರಾದರೂ ಸೌಜಕ್ಕ ಎಂದು ಕರೆದರೆ ಕಿವಿ ಕೇಳದವಳ ಹಾಗೆ ಇರುತ್ತಿದ್ದಳು.

ಆ ದಿನ ನಾನು ಅಕ್ಕನ ಮನೆಗೆ ಹೋದದ್ದು ಊಟಕ್ಕೆ. ಉಪ್ಸಾರು, ಮುದ್ದೆ. ಅಕ್ಕನ ಮಗಳು ಹಿತಾ ಒಳಗಿನಿಂದ ತಟ್ಟೆ ತಂದಳು. ಅವಳ ಗಂಡ ಗಡಿಯಾಚೆಯ ಮಿಲ್ಲಿನಲ್ಲಿ ದುಡಿಯುತ್ತಾನೆ. ಅವಳು ಮೂರು ವರ್ಷದ ಮಗುವಿನೊಂದಿಗೆ ತಾಯಿಯ ಮನೆಯಲ್ಲೇ ಇದ್ದಳು. ಮಗುವಿನ ಹೆಸರು ಮಾದಮ್ಮ, ನಮ್ಮ ಮುತ್ತಜ್ಜಿಯದು. ಹೆಸರುಗಳೂ ಒಂದು ಸುತ್ತು ಹೊಡೆದು ಮೂಲಕ್ಕೇ ಬರುತ್ತವೆ.

ಹಿತಾ ತಟ್ಟೆ ಇಟ್ಟು ತಿರುಗಿದಳು. ತುದಿಗಾಲಲ್ಲಿ ನಡೆಯುತ್ತಿದ್ದಳು. ಮಂಡಿಗಳು ಒಂದಕ್ಕೊಂದು ಉಜ್ಜುತ್ತಿದ್ದವು, ಗೋಡೆ ಹಿಡಿದುಕೊಂಡಿದ್ದಳು.

"ಯಾಕವ್ವ, ಮುಳ್ಳು ಚುಚ್ತಾ?" ಎಂದೆ.

"ಇಲ್ಲ ಚಿಕ್ಕವ್ವ. ಎಂಟತ್ ದಿನಾಯ್ತು. ಬೆಳಗಾನ ಎದ್ದೆ, ಕಾಲು ಮರ ಆಗೋಗಿದ್ದೊ. ಹಿಮ್ಮಡಿ ನೆಲಕ್ಕೆ ಊರಕ್ಕೇ ಬರದಿಲ್ಲ. ಆಸ್ಪತ್ರೆಲಿ ನರ ಅಂದ್ರು, ಮಾತ್ರೆ ಕೊಟ್ರು."

ಕೈಗೆತ್ತಿಕೊಂಡ ತುತ್ತನ್ನು ತಟ್ಟೆಗೆ ಇಟ್ಟೆ. ಈ ನಡಿಗೆಯನ್ನು ನಾನು ಚಿತ್ರದಲ್ಲಿ ಮಾತ್ರ ನೋಡಿದ್ದೆ. ಆಫ್ರಿಕಾದ ಬರಗಾಲದ ಊರುಗಳಲ್ಲಿ, ಕಹಿ ಗೆಣಸನ್ನು ಸರಿಯಾಗಿ ನೆನೆಹಾಕದೆ ತಿಂಗಳುಗಟ್ಟಲೆ ಅದೊಂದನ್ನೇ ತಿಂದ ಹೆಂಗಸರಿಗೂ ಮಕ್ಕಳಿಗೂ ಬರುತ್ತದೆ. ಒಂದು ಬೆಳಿಗ್ಗೆ ಕಾಲು ಸೆಟೆದುಕೊಳ್ಳುತ್ತವೆ. ಆಮೇಲೆ ಬಿಡುವುದಿಲ್ಲ. ವಿಷ ನಿಂತರೆ ಹೆಚ್ಚಾಗುವುದಿಲ್ಲ, ಅಷ್ಟೇ.

"ಅಕ್ಕ, ಈ ಹಿಟ್ಟು ಯಾವುದು?"

"ನಿನ್ನದೇ ಕನ ಲೈಟ್ ಗೆಣ್ಸು. ನಮ್ ಹೊಲದ್ದು."

ನಾನು ಮುದ್ದೆಯನ್ನು ಸಾರಿಲ್ಲದೆ ನಾಲಿಗೆಗೆ ಇಟ್ಟೆ. ಗಂಟಲವರೆಗೆ ಕಹಿ.

"ನಿಂಗೆ ಕಹಿ ಗೊತ್ತಾಗಲಿಲ್ವಾ?"

"ಗೊತ್ತಾಯ್ತು. ಬಿಸ್ಲು ಜಾಸ್ತಿ ಅಲ್ವಾ, ಅದ್ಕೆ ಕಹಿ ಅಂದ್ಕಂಡೆ. ಉಪ್ಸಾರ್ಗೆ ಇನ್ನೆರಡು ಮೆಣಸಿನಕಾಯಿ ಅರ್ದಾಕ್ದೆ."

ಮಾದಮ್ಮ ಅಜ್ಜಿಯ ತಟ್ಟೆಯಿಂದ ತುತ್ತು ತೆಗೆದು ಬಾಯಿಗಿಡುತ್ತಿದ್ದಳು. ನಾನು ಅವಳ ಕೈ ಹಿಡಿದು ಕಿತ್ತುಕೊಂಡೆ. ಮಗು ಚೀರಿ ಅತ್ತಿತು. ಅಕ್ಕ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. ಹಿಟ್ಟಿನ ಡಬ್ಬವನ್ನು ಜೀಪಿಗೆ ಹಾಕಿಕೊಂಡು, ಕೇಂದ್ರದಿಂದ ಬೇರೆ ಹಿಟ್ಟು ಕಳಿಸುವವರೆಗೆ ಒಲೆ ಹಚ್ಚಬೇಡಿ ಎಂದು ಹೇಳಿ ಅವಳ ಹೊಲಕ್ಕೆ ಹೋದೆ.

ಗಿಡಗಳು ನೋಡಲು ಚೆನ್ನಾಗಿದ್ದವು. ಎಲೆ ನಮ್ಮ ತಳಿಯದೇ, ಕಾಂಡದ ಬಣ್ಣವೂ ನಮ್ಮದೇ. ಅಲ್ಲೊಂದು ಇಲ್ಲೊಂದು ಬುಡ ಕಿತ್ತು, ಗೆಡ್ಡೆಗಳನ್ನು ಬೇರೆ ಬೇರೆ ಚೀಲಕ್ಕೆ ಹಾಕಿ ತಂದೆ. ಹೋಲಿಸಿ ನೋಡಲು ಕೇಂದ್ರದ ತಾಕಿನಿಂದಲೂ ಕಿತ್ತೆ.

ಪರೀಕ್ಷೆ ಸುಲಭ. ತುರಿದ ಗೆಡ್ಡೆಯನ್ನು ಸೀಸೆಗೆ ಹಾಕಿ, ಮೇಲೆ ಹಳದಿ ಕಾಗದದ ಪಟ್ಟಿ ತೂಗುಬಿಟ್ಟು ಮುಚ್ಚಳ ಬಿಗಿದಿಡಬೇಕು. ವಿಷವಿದ್ದರೆ ಹಳದಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಮಾರನೆಯ ಬೆಳಿಗ್ಗೆ ಲೋಹಿತನೂ ನಾನೂ ಸಾಲಾಗಿ ನಿಂತ ಸೀಸೆಗಳನ್ನು ನೋಡುತ್ತ ನಿಂತೆವು. ಕೇಂದ್ರದವು ಹಳದಿ. ಅಕ್ಕನ ಹೊಲದವು ಒಂದು ಬಿಡದಂತೆ ಕೆಂಪು.

"ಮೇಡಮ್ಮೋರೆ, ಹಳೇ ಗೆಣ್ಸು ಬೆರ್ತೋಯ್ತಾ?"

"ಬೆರ್ತಿಲ್ಲ. ಗಿಡ ನಮ್ಮದೇ."

ಕಿತ್ತ ಬುಡಗಳು ಮೂಲೆಯಲ್ಲಿ ಬಿದ್ದಿದ್ದವು. ನೆಟ್ಟ ಕಡ್ಡಿ ಗಿಡದ ಬುಡದಲ್ಲಿ ಹಾಗೇ ಉಳಿದಿರುತ್ತದೆ. ಕೇಂದ್ರದ ಗಿಡದ ಕಡ್ಡಿ ಗುಂಡಗೆ. ಅಕ್ಕನ ಗಿಡಗಳ ಕಡ್ಡಿ ಒಂದು ಕಡೆ ಚಪ್ಪಟೆ, ಸೀಳಿದ ಬಿದಿರಿನ ಹಾಗೆ. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ.

ಗಿಡದ ಚಿಗುರಿನ ಕಣ್ಣಿನಲ್ಲಿ ಈರುಳ್ಳಿಯ ಹಾಗೆ ಒಂದರ ಒಳಗೊಂದು ಪದರ ಇರುತ್ತವೆ. ನಮ್ಮ ವಿಕಿರಣ ಬದಲಿಸಿದ್ದು ಹೊರಗಿನ ಪದರಗಳನ್ನು. ತೀರ ಒಳಗಿನದು ಹಳೇ ಗೆಣಸಾಗಿಯೇ ಉಳಿದಿತ್ತು. ಕಣ್ಣು ಸೀಳದೆ ಇಡಿಯಾಗಿ ಚಿಗುರಿದರೆ ಅದು ತಲೆ ಎತ್ತುವುದಿಲ್ಲ. ವಿಷ ತಯಾರಾಗುವುದು ಎಲೆಯಲ್ಲಿ, ಅಲ್ಲಿಂದ ಗೆಡ್ಡೆಗೆ ಇಳಿಯುತ್ತದೆ; ಚಿಗುರು ನಮ್ಮದಾದರೆ ಗೆಡ್ಡೆಯೂ ಸಿಹಿ. ಆದರೆ ಕಡ್ಡಿಯನ್ನು ಉದ್ದಕ್ಕೆ ಸೀಳಿದಾಗ ಕಣ್ಣೂ ಸೀಳುತ್ತದೆ. ಗಾಯ ಮಾಯುವಾಗ ಒಳಗಿನ ಪದರದಿಂದ ಹೊಸ ಕಣ್ಣು ಮೂಡುತ್ತದೆ. ಅದರಿಂದ ಬಂದ ಗಿಡಕ್ಕೆ ನಮ್ಮ ವಿಕಿರಣದ ಸುದ್ದಿಯೇ ಗೊತ್ತಿಲ್ಲ. ಅಂಥ ಗಿಡದ ಕಡ್ಡಿಯನ್ನು ಆಮೇಲೆ ಸೀಳದೆ ನೆಟ್ಟರೂ ಅಷ್ಟೇ, ಕಹಿ ಬಂದದ್ದು ಬಂದೇ ಬಂತು.

ಕೇಂದ್ರದಲ್ಲಿ ಯಾರೂ ಕಡ್ಡಿ ಸೀಳಿ ನೋಡಿರಲಿಲ್ಲ. ಯಾಕೆ ಸೀಳಬೇಕು? ನಮ್ಮಲ್ಲಿಗೆ ಸೆರಗೊಡ್ಡಿಕೊಂಡು ಯಾರೂ ಬರುವುದಿಲ್ಲ.

ಮೇಲಿನವರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು ಬೆಚ್ಚಿಬಿದ್ದು, ಬೆಚ್ಚಿಬಿದ್ದವರು ಮಾಡುವುದನ್ನೇ ಮಾಡಿದರು: ಆರ್ಡರು ಹೊರಡಿಸಿದರು. ಕಡ್ಡಿ ಕೊಡುವುದು, ಪಡೆಯುವುದು ನಿಷೇಧ. ಇದ್ದ ಕಡ್ಡಿಯನ್ನೆಲ್ಲ ಒಪ್ಪಿಸತಕ್ಕದ್ದು. ಜೀಪು ಊರೂರಿಗೆ ಹೋಗಿ ಮೈಕಿನಲ್ಲಿ ಕೂಗಿತು. ಗೆಡ್ಡೆಯನ್ನು ನೆನೆಹಾಕಿ ತಿನ್ನಿ, ಅದಕ್ಕೆ ಟ್ಯಾಂಕರ್ ನೀರು ಕೊಡುತ್ತೇವೆ ಎಂದೂ ಕೂಗಿತು. ನೀರಿನ ಮಾತನ್ನು ಜನ ನಂಬಲಿಲ್ಲ, ಕಡ್ಡಿಯ ಮಾತನ್ನು ಚೆನ್ನಾಗಿ ನಂಬಿದರು. ಕೊಯ್ಲಿನ ಹೊತ್ತು ಅದು. ಮುಂದಿನ ಮಳೆಗೆಂದು ಕೂಡಿಟ್ಟ ಕಡ್ಡಿಗಳೆಲ್ಲ ಅಟ್ಟ ಸೇರಿದವು, ಹುಲ್ಲಿನ ಮೆದೆ ಸೇರಿದವು. ಜೀಪು ಬರಿದಾಗಿ ವಾಪಸು ಬಂತು. ಅಷ್ಟರಲ್ಲಿ ಪಕ್ಕದೂರಿನಲ್ಲಿ ಇನ್ನಿಬ್ಬರು ಹೆಂಗಸರು ತುದಿಗಾಲಲ್ಲಿ ನಡೆಯುತ್ತಿದ್ದಾರೆಂದು ಸುದ್ದಿ ಬಂತು.

ಅಕ್ಕನಿಗೆ ಹೇಳಬೇಕಿತ್ತು. ದಾರಿಯುದ್ದಕ್ಕೂ ಯೋಚಿಸಿದೆ: ಬಿಸಿಲಿಗೆ ಹೀಗಾಯಿತು ಎನ್ನಲೇ? ತಳಿಯೇ ಕೆಟ್ಟಿತು, ತಪ್ಪು ನಮ್ಮದು ಎನ್ನಲೇ? ಎರಡು ಹೇಳಿದರೂ ಅವಳು ಮುಂದಿನ ಮಳೆಗೆ ಮತ್ತೆ ಕಡ್ಡಿ ಸೀಳುತ್ತಾಳೆ. ಸುಳ್ಳು ಹೇಳುವುದಕ್ಕೂ ಮೈಯಲ್ಲಿ ಶಕ್ತಿ ಬೇಕು. ನನ್ನಲ್ಲಿ ಇರಲಿಲ್ಲ. ಜಗಲಿಯ ಮೇಲೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅಕ್ಕ ಬಾಗಿಲ ಕಡೆ ತಿರುಗಿದಳು. ಒಳಗೆ ಹಿತಾ ಪಾತ್ರೆ ಎಳೆದುಕೊಂಡು ಕೂತಲ್ಲೇ ತೊಳೆಯುತ್ತಿದ್ದ ಸದ್ದು ಕೇಳುತ್ತಿತ್ತು.

"ಅಂಗಾರೆ, ನಾನು ಕೊಟ್ಟಿದ್ದೆಲ್ಲ ವಿಷ."

"ನೀನು ಕೊಟ್ಟದ್ದು ಕಡ್ಡಿ ಅಕ್ಕ. ಅದರೊಳಗೆ ಏನಿತ್ತು ಅಂತ ನಂಗೂ ಗೊತ್ತಿರಲಿಲ್ಲ."

"ಹಾಲು ಕುಡ್ದ ಮಕ್ಳೇ ಬದುಕಲ್ಲ, ಇನ್ನು ವಿಷ ಕುಡ್ದ ಮಕ್ಳು ಬದುಕ್ತವಾ ಅಂತ ಅಜ್ಜಿ ಅನ್ನದು. ನಾನು ಹಂಚಿ ಉಂಡೋರಿಗೆ ಹಸಿವಿಲ್ಲ ಅಂದ್ಕಂಡೆ. ನನ್ ಕೂಸಿನ ಕಾಲು, ಇಂಚು... ಅದು ಮೊದಲ್ನಂಗೆ ಆಗದಿಲ್ವಾ?"

ಇಲ್ಲ ಎಂದು ತಲೆಯಾಡಿಸಿದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ನಾನು ಅತ್ತೆ. ಅವಳು ಎದ್ದು ಸೀರೆ ಕೊಡವಿ ಕೇಳಿದಳು:

"ಜೀಪ್ನೋರಿಗೆ ಯಾರೂ ಕಡ್ಡಿ ಕೊಡ್ನಿಲ್ಲವಂತೆ?"

"ಎಲ್ಲ ಅಡಗಿಸಿಟ್ಟಿದಾರೆ."

"ಆರ್ಡರ್ ಮಾಡುದ್ರೆ ಯಾರ್ ಕೊಟ್ಟಾರು? ಕೇಳೋರು ಕೇಳ್ಬೇಕು. ನಡಿ."

ಆಮೇಲಿನದನ್ನು ನಾನು ಯಾವ ವರದಿಯಲ್ಲೂ ಬರೆಯಲಿಲ್ಲ. ಬರೆದರೂ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅಕ್ಕ ತಾನು ಕಡ್ಡಿ ಕೊಟ್ಟ ಮೊದಲ ಮನೆಯ ಬಾಗಿಲಲ್ಲಿ ನಿಂತು ಸೆರಗೊಡ್ಡಿದಳು. "ಕಡ್ಡಿ ಕೊಡವ್ವ," ಎಂದಳು. ಆ ಮನೆಯ ಸ್ಪಂದನಜ್ಜಿ ನಗುತ್ತ, "ಕಡ್ಡಿಯವ್ವನೇ ಕಡ್ಡಿ ಕೇಳ್ಕಂಡು ಬಂದವ್ಳೆ!" ಎಂದು ಒಂದು ಹಿಡಿ ತಂದು ಹಾಕಿದಳು. ಅಕ್ಕ ಸೆರಗು ಮುಚ್ಚಲಿಲ್ಲ. ಅಜ್ಜಿ ಇನ್ನೊಂದು ಹಿಡಿ ತಂದಳು. ಅಕ್ಕ ಹಾಗೇ ನಿಂತಳು.

"ಎಷ್ಟು ಬೇಕವ್ವ?"

"ಎಲ್ಲಾನೂ."

ಅಜ್ಜಿಯ ನಗು ಹೋಯಿತು. ನನ್ನನ್ನು ನೋಡಿದಳು, ಹಿಂದೆ ನಿಂತ ಜೀಪನ್ನು ನೋಡಿದಳು, ಏನೋ ಬೈಯಲು ಬಾಯಿ ತೆರೆದಳು. ಆದರೆ ಸೆರಗು ಒಡ್ಡಿಯೇ ಇತ್ತು. ಅದಕ್ಕೆ ಇಲ್ಲ ಎನ್ನಲು ಅವಳಿಗೆ ಬರಲಿಲ್ಲ. ಮೊಮ್ಮಗಳನ್ನು ಕೂಗಿ ಅಟ್ಟದ ಕಟ್ಟುಗಳನ್ನು ಇಳಿಸಿದಳು. ಇಳಿಸುವಾಗ ಕಣ್ಣೀರು ಹಾಕಿದಳು. ಅಕ್ಕ ತೆಗೆದುಕೊಂಡು ಏನೂ ಹೇಳದೆ ತಿರುಗಿದಳು.

ಹೀಗೆ ಮನೆಯಿಂದ ಮನೆಗೆ, ಊರಿಂದ ಊರಿಗೆ. ಕೆಲವರು ಬೈದು ಕೊಟ್ಟರು, ಕೆಲವರು ಎಸೆದರು. ಕೊಡದೆ ಇದ್ದವರು ಇಲ್ಲ. ಇದ್ದ ಗೆಡ್ಡೆಯನ್ನು ಮೂರು ದಿನ ನೆನೆಹಾಕಿ ಎಂದು ನಾನು ಹಿಂದಿನಿಂದ ಹೇಳುತ್ತಿದ್ದೆ. ಅಟ್ಟದಿಂದ ಕಡ್ಡಿಯ ಜೊತೆ ಗುಡಾಣಗಳೂ ಇಳಿದವು. ನೀರಿನ ಟ್ಯಾಂಕರ್ ಬರುವವರೆಗೆ ನಾನು ಮೇಲಿನವರ ಪ್ರಾಣ ಹಿಂಡಿದೆ. ಕಡೆಗೆ ಬಂತು. ಅದೊಂದು ನನ್ನ ಕೈಲಾಯಿತು.

ನಡುವೆ ಕೇಂದ್ರಕ್ಕೂ ಹೋಗಿ ಬರುತ್ತಿದ್ದೆ. ಇನ್ನು ಮೇಲೆ ಕಡ್ಡಿಗೆ ವಿಕಿರಣ ಹಾಯಿಸಿದರೆ ಸಾಲದು. ಒಂದೇ ಒಂದು ಜೀವಕೋಶಕ್ಕೆ ಹಾಯಿಸಿ, ಅದರಿಂದ ಇಡೀ ಗಿಡ ಬೆಳೆಸಬೇಕು. ಆಗ ಒಳಗೂ ಹೊರಗೂ ಒಂದೇ ಇರುತ್ತದೆ, ಸೀಳಿದರೂ ಸುಟ್ಟರೂ ಹಳೆಯದು ಎದ್ದು ಬರುವುದಿಲ್ಲ. ಮೊದಲಿಂದ ಶುರು ಮಾಡಬೇಕು. ನಾನು ನಿವೃತ್ತಿಯಾಗುವ ಹೊತ್ತಿಗೆ ಮುಗಿಯುವ ಕೆಲಸವಲ್ಲ ಅದು. ಲೋಹಿತ್ ಜೀವಕೋಶಗಳಿದ್ದ ಗಾಜಿನ ತಟ್ಟೆಗಳನ್ನು ಬಾವಿಯ ಸುತ್ತ ಜೋಡಿಸಿ ಬಂದು ಗುಂಡಿಯ ಮೇಲೆ ಬೆರಳಿಟ್ಟ.

"ಕೋಳಿ ಏಳ್ಸದಾ ಮೇಡಮ್ಮೋರೆ?"

"ಏಳಿಸು."

ಮರಿ ಮಾಡುತ್ತಾ ಎಂದು ಈ ಸಲ ಅವನು ಕೇಳಲಿಲ್ಲ.

ಕೊನೆಗೆ ಉಳಿದದ್ದು ಅಕ್ಕನ ಹೊಲ. ಯಾರ್ಯಾರಿಗೆ ಅರ್ಧ ಕೊಟ್ಟಿದ್ದಳೋ ಆ ಎಲ್ಲದರ ಇನ್ನರ್ಧ ಅಲ್ಲಿತ್ತು. ಬೇರೆಯವರಿಂದ ತಂದದ್ದನ್ನೆಲ್ಲ ಊರವರು ಬದುವಿನ ಪಕ್ಕ ರಾಶಿ ಹಾಕಿ ಸುಡುತ್ತಿದ್ದರು. ಹಸಿ ಕಡ್ಡಿ ಉರಿಯದೆ ಬರೀ ಹೊಗೆಯಾಡುತ್ತಿತ್ತು. ಅಕ್ಕ ತನ್ನ ಗಿಡಗಳ ಮುಂದೆ ಮಚ್ಚು ಹಿಡಿದು ನಿಂತಿದ್ದಳು. ನಿಂತೇ ಇದ್ದಳು.

"ಇದೊಂದು ಇರ್ಲಿ ಇಂಚು," ಎಂದಳು.

"ಅಕ್ಕ..."

"ನಾವು ತಿನ್ನದಿಲ್ಲ. ನೆನೆಹಾಕ್ದೆ ಯಾರ್ಗೂ ತಿನ್ಸದಿಲ್ಲ. ಸುತ್ತ ಏಳೂರಲ್ಲಿ ಕಡ್ಡಿ ಅನ್ನದೇ ಇಲ್ಲ ಈಗ. ನಾಳಿಕೆ ಮಳೆ ಬಿದ್ದು ಯಾರಾದ್ರೂ ಬಂದು ಸೆರಗೊಡ್ಡುದ್ರೆ ಯಾನ ಹಾಕ್ಲಿ? ಇಲ್ಲ ಅಂತ ಅನ್ಲಾ? ನನ್ ಬಾಯಲ್ಲಿ ಅದು ಬಂದದೇನೆ?"

ಕೇಂದ್ರದಿಂದ ಹೊಸ ಕಡ್ಡಿ ಕೊಡುತ್ತೇವೆ ಎನ್ನಬಹುದಿತ್ತು. ಎಷ್ಟು ಎಂದು ಕೇಳುತ್ತಾಳೆ. ಮನೆಗೊಂದು ಕಟ್ಟು ಎಂದರೆ ಮತ್ತೆ ಮಚ್ಚು ನೋಡಿಕೊಳ್ಳುತ್ತಾಳೆ. ನಾನೇ ಸೆರಗೊಡ್ಡುವಂತೆಯೂ ಇರಲಿಲ್ಲ. ಕಡ್ಡಿ ಕೇಳುವ ಹಕ್ಕು ನೆಡುವವರದು. ಸಂಬಳ ತಿನ್ನುವ ನನ್ನ ಮಾತಿಗೆ ಆ ಬದುವಿನ ಮೇಲೆ ಬೆಲೆಯಿರಲಿಲ್ಲ, ಬಂದಿದ್ದ ಊರವರೂ ತಲೆ ತಗ್ಗಿಸಿ ನಿಂತಿದ್ದರು. ಎಲ್ಲವನ್ನೂ ಕೊಟ್ಟವರು ಅವರು. ಕಡ್ಡಿಯವ್ವನನ್ನು ಕೇಳುವ ಧೈರ್ಯ ಅವರಿಗೂ ಇರಲಿಲ್ಲ.

ಆಗ ಹಿತಾ ಬರುವುದು ಕಾಣಿಸಿತು. ಎರಡು ಊರುಗೋಲು ಕಂಕುಳಿಗೆ ಕೊಟ್ಟುಕೊಂಡು, ತುದಿಗಾಲಲ್ಲಿ, ಉಳುಮೆಯ ಹೆಂಟೆಗಳ ನಡುವೆ ಬರುತ್ತಿದ್ದಳು. ಹಿಡಿದುಕೊಳ್ಳಲು ಹೋದವರನ್ನು ಬೇಡವೆಂದು ತಲೆಯಾಡಿಸಿ ತಡೆದಳು. ಮಾದಮ್ಮ ಹಿಂದೆ ಹಿಂದೆ ಬರುತ್ತಿದ್ದಳು, ನೆಟ್ಟಗೆ, ಇಡೀ ಪಾದ ಊರಿಕೊಂಡು. ಆ ಪಾದಗಳನ್ನೇ ನಾನು ನೋಡುತ್ತಿದ್ದೆ.

ಹಿತಾ ತಾಯಿಯ ಎದುರು ಬಂದು ನಿಂತಳು. ಸೆರಗೊಡ್ಡಲು ಎರಡು ಕೈ ಬೇಕು. ನಿಂತು ಒಡ್ಡಲಾಗದು. ಊರುಗೋಲುಗಳನ್ನು ಕೆಳಗೆ ಬಿಟ್ಟು, ಮಣ್ಣಿನ ಮೇಲೆ ಕುಕ್ಕರಿಸಲೂ ಆಗದೆ ಕಾಲು ಚಾಚಿ ಕೂತಳು. ಎರಡೂ ಕೈಯಲ್ಲಿ ಸೆರಗು ಹಿಡಿದು ಮೇಲೆತ್ತಿದಳು.

"ಕಡ್ಡಿ ಕೊಡವ್ವ."

ಅಕ್ಕ ಮಗಳ ಮುಖ ನೋಡಿದಳು, ಸೆರಗು ನೋಡಿದಳು, ಕಾಲು ನೋಡಿದಳು. ಆಮೇಲೆ ಬಾಗಿ ಮೊದಲ ಗಿಡದ ಬುಡಕ್ಕೆ ಮಚ್ಚು ಹಾಕಿದಳು. ಕಡ್ಡಿಯನ್ನು ಗೇಣುದ್ದ ಕತ್ತರಿಸಲಿಲ್ಲ, ಸೀಳಲೂ ಇಲ್ಲ. ಬುಡದಿಂದ ತುದಿಯವರೆಗೆ ಇಡಿಯಾಗಿ ತಂದು ಸೆರಗಿಗೆ ಹಾಕಿದಳು. ಮತ್ತೆ ಹೋಗಿ ಇನ್ನೊಂದು ತಂದಳು. ನಾವೂ ಮಚ್ಚು ತೆಗೆದುಕೊಂಡು ಸಾಲಿಗೆ ಇಳಿದೆವು.

ಹೊಲ ಬರಿದಾಗುವವರೆಗೆ ಹಿತಾ ಸೆರಗು ಇಳಿಸಲಿಲ್ಲ. ತುಂಬಿದಾಗಲೆಲ್ಲ ಯಾರೋ ಎತ್ತಿ ಬೆಂಕಿಗೆ ಹಾಕಿ ಬರುತ್ತಿದ್ದರು. ಕಡೆಯ ಕಡ್ಡಿ ಹಾಕಿ ಅಕ್ಕ ಸೊಂಟ ಹಿಡಿದು ನಿಂತಾಗ, ಹಿತಾ ಊರುಗೋಲು ಹುಡುಕಿ, ಕಷ್ಟಪಟ್ಟು ಎದ್ದು, ಏನೂ ಹೇಳದೆ ಮನೆಯ ಕಡೆ ತಿರುಗಿದಳು. ಹೇಳಬಾರದು.